ಹೃದಯದ ದಿಂಬು ಬೇಡ, ತಲೆಗೆ ಕಟ್ಟುವ ಟಾರ್ಚ್ ಸಾಕು

ಸಂಪಾದಕರಿಗೆ ನಮಸ್ಕಾರ.

ಗಂಡನಿಗೆ ಏನು ಉಡುಗೊರೆ ಕೊಡಬಹುದು ಎಂದು ನಿಮ್ಮ ಪುರವಣಿಯಲ್ಲಿ ಒಂದು ಪುಟ ಬಂದಿತ್ತು. ಫೋಟೊ ಅಚ್ಚು ಹಾಕಿಸಿದ ಮಗ್ಗು, ಹೃದಯದ ಆಕಾರದ ದಿಂಬು, ಇಬ್ಬರ ಹೆಸರು ಕೊರೆಸಿದ ಪೆನ್ನು, ಚರ್ಮದ ಪರ್ಸು, ಸೆಂಟು. ಕೈಯಾರೆ ಬರೆದ ಪ್ರೇಮಪತ್ರಕ್ಕಿಂತ ದೊಡ್ಡ ಉಡುಗೊರೆ ಇಲ್ಲ ಎಂದೂ ಬರೆದಿದ್ದೀರಿ. ಇದೆ ಸ್ವಾಮಿ. ಗಂಬೂಟು ಇದೆ.

ನಾವು ಸಾಗರ ತಾಲ್ಲೂಕಿನವರು. ಎರಡು ಎಕರೆ ಅಡಿಕೆ ತೋಟ, ಮಧ್ಯೆ ಕಾಳುಮೆಣಸಿನ ಬಳ್ಳಿ, ಅಂಚಿಗೆ ನಾಲ್ಕು ಬಾಳೆ. ನಮ್ಮ ಮನೆಯವರಿಗೆ ಈಗ 58 ವರ್ಷ. ಸಿಟ್ಟಿಲ್ಲ, ಎಲೆ ಅಡಿಕೆ ಬಿಟ್ಟರೆ ಚಟವಿಲ್ಲ. ಆದರೆ ಉಡುಗೊರೆ ಎಂದರೆ ಮುಖ ಒಂಥರಾ ಆಗುತ್ತದೆ. ಯಾರು ಏನು ಕೊಟ್ಟರೂ ಮೊದಲ ಪ್ರಶ್ನೆ, ‘ಎಷ್ಟು ಕೊಟ್ರಿ?’ ಎರಡನೆಯದು, ‘ಇದು ಯಾವುದಕ್ಕೆ?’ ಎರಡನೆಯದಕ್ಕೆ ಉತ್ತರ ಇಲ್ಲದಿದ್ದರೆ ಆ ವಸ್ತು ಅಟ್ಟದ ಮೇಲಿನ ಪೆಟ್ಟಿಗೆಗೆ ಹೋಯಿತು ಅಂತಲೇ ಲೆಕ್ಕ.

ಬೆಂಗಳೂರಿನಲ್ಲಿರುವ ಮಗಳು ಒಮ್ಮೆ ಇವರ ಹುಟ್ಟುಹಬ್ಬಕ್ಕೆ ಫೋಟೊ ಇರುವ ಮಗ್ಗು ಕಳಿಸಿದಳು. ತಿರುಗಿಸಿ ನೋಡಿ, ‘ನನ್ನ ಮುಖ ನನಗೆ ಗೊತ್ತಿಲ್ವಾ?’ ಎಂದರು. ಬೇಜಾರಿನಿಂದ ಹೇಳಿದ್ದಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದ್ದು. ಈಗ ಆ ಮಗ್ಗು ಪಂಪ್‌ಹೌಸಿನಲ್ಲಿದೆ. ಅದರೊಳಗೆ ಟೆಫ್ಲಾನ್ ಟೇಪು, ಎರಡು ಸ್ಕ್ರೂ ಡ್ರೈವರು, ಹಳೆ ಫ್ಯೂಸು ತಂತಿ. ಮಗಳು ಊರಿಗೆ ಬಂದಾಗ ನೋಡಿ ನಕ್ಕಳು. ದಿನಾ ಕೈಯಲ್ಲಿ ಹಿಡಿಯುತ್ತಾರಲ್ಲ, ಸಾಕು ಬಿಡಮ್ಮ ಎಂದಳು. ಅವಳಿಗೆ ಅಪ್ಪನ ಗುಣವೇ ಬಂದಿದೆ. ನೆನಪಿಗೆ ಅಂತ ವಸ್ತು ಕೊಡುವುದರ ಬಗ್ಗೆ ಕೇಳಿದರೆ ಇವರು ಹೇಳುವುದು ಇಷ್ಟೇ, ‘ನೆನಪಿಗೆ ಸಾಮಾನು ಯಾಕೆ? ನೆನಪು ಇರತ್ತಲ್ಲ.’

ಒಂದು ವಿಷಯದಲ್ಲಿ ಮಾತ್ರ ನಾನೂ ಇವರ ಪಕ್ಷ. ನಿಮ್ಮ ಪಟ್ಟಿ ಮಾಡಿದವರು ಮಲೆನಾಡಿನ ಮಳೆಗಾಲ ನೋಡಿದಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಎಲ್ಲದಕ್ಕೂ ಬೂಷ್ಟು ಹಿಡಿಯುತ್ತದೆ. ಚರ್ಮದ ಪರ್ಸು ಆಷಾಢ ಮುಗಿಯುವುದರೊಳಗೆ ಹಸಿರಾಗುತ್ತದೆ. ಬೆಲ್ಟು ಬೆಳ್ಳಗಾಗುತ್ತದೆ. ಫೋಟೊ ಫ್ರೇಮಿನ ಗಾಜಿಗೆ ಒಳಗಿನಿಂದ ಚುಕ್ಕಿ. ದಿಂಬಿನ ಕಥೆ ಕೇಳಲೇಬೇಡಿ. ಗ್ರೀಟಿಂಗ್ ಕಾರ್ಡು ಒಂದಕ್ಕೊಂದು ಅಂಟಿಕೊಂಡು ಬಿಡಿಸಲು ಹೋದರೆ ಹರಿಯುತ್ತದೆ. ಇಂಥ ಕಡೆ ಬದುಕುವ ಮನುಷ್ಯ ‘ಇದು ಯಾವುದಕ್ಕೆ’ ಎಂದು ಕೇಳಿದರೆ ತಪ್ಪೇನು?

ಹಾಗಂತ ಏನೂ ಕೊಡಬಾರದು ಅಂತಲ್ಲ. ನನಗೆ ಕೊಡುವ ಆಸೆ. ಇವರಿಗೆ ಬೇಕಾದ್ದು ಕೇಳಿದರೆ ‘ಎಲ್ಲ ಇದೆ’ ಎನ್ನುತ್ತಾರೆ. ಆದ್ದರಿಂದ ಕೇಳುವುದನ್ನು ಬಿಟ್ಟು ನೋಡುವುದನ್ನು ಹಿಡಿದೆ. ಇವರು ಎಲ್ಲಿ ತಂತಿ ಸುತ್ತಿದ್ದಾರೆ, ಎಲ್ಲಿ ಬಟ್ಟೆ ಕಟ್ಟಿದ್ದಾರೆ, ಯಾವುದನ್ನು ಪಕ್ಕದ ಮನೆಯಿಂದ ಕೇಳಿ ತರುತ್ತಾರೆ, ಯಾವುದನ್ನು ಬಳಸುವಾಗ ಬಾಯಲ್ಲಿ ಗೊಣಗುತ್ತಾರೆ. ಅಲ್ಲೆಲ್ಲ ಒಂದೊಂದು ಉಡುಗೊರೆ ಕೂತಿರುತ್ತದೆ.

ಬೆನ್ನಿಗೆ ಹಾಕುವ ಸ್ಪ್ರೇಯರ್ ತೆಗೆದುಕೊಳ್ಳಿ. ಮೆಣಸಿನ ಬಳ್ಳಿಗೆ, ಸಣ್ಣ ಗಿಡಗಳಿಗೆ ಔಷಧಿ ಹೊಡೆಯುವುದು ಅದರಲ್ಲೇ. 16 ಲೀಟರಿನ ಕ್ಯಾನು. ತುಂಬಿದರೆ ನೀರೇ 16 ಕೆ.ಜಿ., ಮೇಲೆ ಕ್ಯಾನಿನ, ಬ್ಯಾಟರಿಯ ಭಾರ. ಕಂಪನಿಯವರು ಕೊಟ್ಟ ಪಟ್ಟಿ ಎರಡು ಬೆರಳಗಲ, ಹೆಗಲಿಗೆ ಹಗ್ಗದ ಹಾಗೆ ಕೊರೆಯುತ್ತದೆ. ಇವರು ಅದಕ್ಕೆ ಗೋಣಿ ಚೀಲದ ಚೂರು ಸುತ್ತಿಕೊಂಡಿದ್ದರು. ಮಳೆಯಲ್ಲಿ ಗೋಣಿ ನೆಂದು ಇನ್ನೂ ಭಾರ. ಸಂಜೆ ಅಂಗಿ ತೆಗೆದರೆ ಹೆಗಲ ಮೇಲೆ ಎರಡು ಕೆಂಪು ಗೆರೆ. ದಪ್ಪ ಫೋಮು ಇರುವ ಅಗಲ ಪಟ್ಟಿ ಬೇರೆಯಾಗಿಯೇ ಸಿಗುತ್ತದೆ. ದುಡ್ಡೂ ಜಾಸ್ತಿಯಿಲ್ಲ, ಹೋಟೆಲಿನಲ್ಲಿ ಇಬ್ಬರು ಊಟ ಮಾಡಿದಷ್ಟು. ತಂದು ಹಳೆ ಪಟ್ಟಿ ಬಿಚ್ಚಿ ಹಾಕಿಟ್ಟೆ. ಮಾರನೆ ದಿನ ಕ್ಯಾನು ಹೊತ್ತುಕೊಂಡು ತೋಟಕ್ಕೆ ಇಳಿದವರು ಅರ್ಧ ದಾರಿಯಿಂದ ತಿರುಗಿ ನೋಡಿದರು. ಏನೂ ಹೇಳಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ, ‘ಇದನ್ನ ಕಂಪನಿಯವರೇ ಹಾಕಿ ಕೊಡಬೇಕಿತ್ತಪ್ಪ’ ಎಂದರು. ನಮ್ಮ ಮನೆಯಲ್ಲಿ ಇದು ದೊಡ್ಡ ಹೊಗಳಿಕೆ.

ಇನ್ನು ಟಾರ್ಚಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ನಮ್ಮ ಕಡೆ ಎಷ್ಟೋ ಹೆಂಗಸರಿಗೆ ಇದು ಉಪಯೋಗಕ್ಕೆ ಬರುತ್ತದೆ.

ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಕೊಡುವುದು ದಿನಕ್ಕೆ 7 ಗಂಟೆ ಅಂತ ಲೆಕ್ಕ. ಅದರಲ್ಲಿ ಒಂದು ಪಾಲು ರಾತ್ರಿ. ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡಬೇಕಾದರೆ ರಾತ್ರಿ ಎದ್ದು ಹೋಗಲೇಬೇಕು. ಒಂದು ಲೈನು ಮುಗಿದ ಮೇಲೆ ಗೇಟ್ ವಾಲ್ವ್ ತಿರುಗಿಸಿ ಇನ್ನೊಂದು ಲೈನಿಗೆ ಬಿಡಬೇಕು. ವಾಲ್ವ್ ತಿರುಗಿಸಲು ಎರಡು ಕೈ ಬೇಕು. ಟಾರ್ಚ್ ಹಿಡಿಯುವವರು ಯಾರು? ಇವರು ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ಬಗ್ಗಿದರೆ ಬೆಳಕು ಆಕಾಶಕ್ಕೆ, ಎದ್ದರೆ ಟಾರ್ಚು ಕಾಲುವೆಗೆ. ಅಡಿಕೆ ಸೋಗೆ ಬಿದ್ದಿರುವ ನೆಲ, ಕೆಳಗೆ ಕೊಳಕುಮಂಡಲ ಮಲಗಿದ್ದರೂ ಕಾಣುವುದಿಲ್ಲ. ಇವರು ಬರುವ ತನಕ ನನಗೆ ನಿದ್ದೆ ಇಲ್ಲ. ಹಾಗೆ ನೋಡಿದರೆ ತಲೆಗೆ ಕಟ್ಟುವ ಟಾರ್ಚು ಇವರಿಗಿಂತ ನನಗೇ ಕೊಟ್ಟುಕೊಂಡ ಉಡುಗೊರೆ.

ಕೊಳ್ಳುವಾಗ ಡಬ್ಬದ ಮೇಲಿನ ಮಾತು ನಂಬಬೇಡಿ. ಕಿಲೋಮೀಟರುಗಟ್ಟಲೆ ಬೆಳಕು ಹೋಗುತ್ತದೆ ಎಂದು ಬರೆದಿರುತ್ತಾರೆ. ನಮಗೆ ಕಿಲೋಮೀಟರು ಬೇಡ, ಕಾಲ ಬುಡದಿಂದ ಹತ್ತು ಮಾರು ಕಂಡರೆ ಸಾಕು. ಚೂಪಾದ ಬೆಳಕು ದೂರಕ್ಕೆ, ಅಗಲವಾದ ಬೆಳಕು ಹತ್ತಿರಕ್ಕೆ. ತೋಟಕ್ಕೆ ಅಗಲವಾದದ್ದೇ ಬೇಕು. ಎರಡೂ ಇದ್ದರೆ ಒಳ್ಳೆಯದು. ಬೆಳಕನ್ನು ಕಡಿಮೆ ಮಾಡಿಕೊಳ್ಳಲು ಆಗಬೇಕು, ಆಗ ಚಾರ್ಜ್ ರಾತ್ರಿಯಿಡೀ ಬರುತ್ತದೆ. ಮೊಬೈಲಿನ ಸಿ ಪಿನ್ ಚಾರ್ಜರ್ರೇ ಇದಕ್ಕೂ ಆಗಬೇಕು, ಇಲ್ಲದಿದ್ದರೆ ಅದರ ವೈರು ಹುಡುಕುವುದೇ ಒಂದು ಕೆಲಸ. ಮಳೆಗೆ ತಡೆಯುತ್ತದೋ ಇಲ್ಲವೋ ತಿಳಿಯಲು ಡಬ್ಬದ ಮೇಲೆ ಐಪಿಎಕ್ಸ್ ಎಂಬ ಅಕ್ಷರದ ಪಕ್ಕದ ಅಂಕಿ ನೋಡಿ. 4 ಎಂದರೆ ಯಾವ ಕಡೆಯಿಂದ ನೀರು ಎರಚಿದರೂ ತೊಂದರೆಯಿಲ್ಲ. 7 ಎಂದರೆ ಒಂದು ಮೀಟರ್ ನೀರಲ್ಲಿ 30 ನಿಮಿಷ ಮುಳುಗಿದ್ದರೂ ತಡೆಯಬೇಕು. ಕಾಲುವೆಗೆ ಟಾರ್ಚು ಬೀಳಿಸುವ ಅಭ್ಯಾಸ ಇರುವ ಗಂಡನಿಗೆ 7 ವಾಸಿ.

ಇಷ್ಟೆಲ್ಲ ತಿಳಿದುಕೊಂಡು ಪೇಟೆಯ ಒಂದು ಅಂಗಡಿಗೆ ಹೋದೆ. ಹೆಸರು ಬೇಡ. ಐಪಿಎಕ್ಸ್ ಎಷ್ಟು ಎಂದು ಕೇಳಿದೆ. ಅಂಗಡಿಯವರು ನನ್ನನ್ನು ನೋಡಿ, ‘ಯಜಮಾನರನ್ನೇ ಕಳಿಸಿ ಅಮ್ಮ, ಅವರಿಗೆ ಹೇಳ್ತೀನಿ’ ಎಂದರು. ನನ್ನ ಹಿಂದೆ ನಿಂತಿದ್ದ ಹುಡುಗ, ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ, ಅವನಿಗೆ ಪೈಪಿನ ಅಳತೆ, ನಾಝಲ್ಲು, ಬಿಲ್ಲು ಎಲ್ಲ ಕ್ಷಣದಲ್ಲಿ ಆಯಿತು. ಸಂಪಾದಕರೇ, ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ಮುಂದೆ ರಾತ್ರಿ ಹನ್ನೊಂದರ ತನಕ ಕೂರುವುದು ಹೆಂಗಸರು. ಬೇಯಿಸುವಾಗ ಹಂಡೆಯ ಮುಂದೆ ನಿಲ್ಲುವುದು ಹೆಂಗಸರು. ಟಾರ್ಚಿನ ಪ್ರಶ್ನೆ ಬಂದರೆ ಮಾತ್ರ ಯಜಮಾನರು ಬೇಕು! ನಾನು ಬೇರೆ ಅಂಗಡಿಗೆ ಹೋಗಿ ತಂದೆ. ಆ ಅಂಗಡಿಯಲ್ಲಿ ಕೂತಿದ್ದ ಹೆಣ್ಣುಮಗಳು ಎರಡು ಟಾರ್ಚು ತೆಗೆದು, ಶಟರ್ ಅರ್ಧ ಎಳೆದು ಕತ್ತಲು ಮಾಡಿ ತೋರಿಸಿದಳು.

ಕೊಡುವಾಗ ಬಣ್ಣದ ಕಾಗದ ಸುತ್ತುವುದಿಲ್ಲ. ಬಿಲ್ಲು, ವಾರಂಟಿ ಕಾರ್ಡು ಜೊತೆಗೇ ಕೊಡುತ್ತೇನೆ. ಎಷ್ಟು ಕೊಟ್ಟೆ ಎಂಬ ಪ್ರಶ್ನೆಗೆ ಬಿಲ್ಲೇ ಉತ್ತರ. ಗ್ರೀಟಿಂಗ್ ಕಾರ್ಡಿನ ಜಾಗದಲ್ಲಿ ವಾರಂಟಿ ಕಾರ್ಡು. ಇವರು ಅದನ್ನು ಪೂರ್ತಿ ಓದುತ್ತಾರೆ, ಪಾಸ್‌ಬುಕ್ಕಿನ ಜೊತೆ ಜೋಪಾನವಾಗಿ ಇಡುತ್ತಾರೆ. ಯಾವ ಪ್ರೇಮಪತ್ರಕ್ಕೆ ಇಷ್ಟು ಮರ್ಯಾದೆ ಸಿಕ್ಕೀತು?

ದಿನಾಂಕದ ಬಗ್ಗೆಯೂ ಒಂದು ಮಾತು. ಫೆಬ್ರವರಿ 14ಕ್ಕೆ ಗಂಬೂಟು ಕೊಟ್ಟರೆ ಮೇ ಕೊನೆಯ ತನಕ ಅಟ್ಟದಲ್ಲಿ ಇಲಿ ಕಡಿಯುತ್ತದೆ. ಟಾರ್ಚು ನೀರು ಬಿಡುವ ಕಾಲಕ್ಕೆ, ಗಂಬೂಟು ಮುಂಗಾರಿಗೆ ಮುಂಚೆ, ಕತ್ತಿ ಅಡಿಕೆ ಕೊನೆ (ಗೊನೆ) ಕೊಯ್ಲಿಗೆ ಮುಂಚೆ. ಮದುವೆಯಾದ ದಿನ ಮಳೆಗಾಲದಲ್ಲಿ ಬಂದರೆ ಒಳ್ಳೆಯದಾಯಿತು, ಬರದಿದ್ದರೆ ಕಾಯುವುದು ಬೇಡ. ಕತ್ತಿ ಎಂದಾಗ ನೆನಪಾಯಿತು. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಹೊಡೆಸಿದ ಕತ್ತಿ ಇವರಿಗೆ ಬಹಳ ಇಷ್ಟ. ಅಂಗಡಿಯ ಹೊಳೆಯುವ ಕತ್ತಿ ಇಷ್ಟವಿಲ್ಲ. ಕುಲುಮೆಯಲ್ಲಿ ಹೇಳಿ ಮಾಡಿಸಿದೆ. ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಅದಕ್ಕೆ ಜಗಲಿಯ ಮೇಲೆ ಇಟ್ಟೆ, ಇವರು ಎತ್ತಿಕೊಂಡರು. ನಂಬಿಕೆ ಇದೆಯೋ ಇಲ್ಲವೋ, ಸುಮ್ನೆ ಯಾಕೆ ಅಪಾಯ?

ಗಂಬೂಟಿನದು ಅಳತೆಯ ಸಮಸ್ಯೆ. ಇವರ ಪಾದ ಮುಂದೆ ಅಗಲ. ಬರಿಗಾಲಲ್ಲಿ ತೋಟ ತಿರುಗಿದವರ ಪಾದ ಹಾಗೇ ಇರುತ್ತದೆ. ಚಪ್ಪಲಿಯ ನಂಬರು ಹೇಳಿ ತಂದರೆ ಬೆರಳು ಒತ್ತುತ್ತದೆ. ಮಧ್ಯಾಹ್ನ ಇವರು ಜಗಲಿಯಲ್ಲಿ ಮಲಗಿದ್ದಾಗ ಪಾದಕ್ಕೆ ಪೇಪರು ಹಿಡಿದು ಪೆನ್ಸಿಲಿನಲ್ಲಿ ಗೆರೆ ಎಳೆದೆ. ನಿಮ್ಮ ಪತ್ರಿಕೆಯದೇ ಹಾಳೆ. ಅದನ್ನು ಕತ್ತರಿಸಿ ಅಂಗಡಿಗೆ ಒಯ್ದು ಬೂಟಿನ ಅಡಿಗೆ ಹಿಡಿದು ನೋಡಿದೆ. ಕಾಲುಚೀಲಕ್ಕೆಂದು ಒಂದು ಅಳತೆ ದೊಡ್ಡದು ತೆಗೆದುಕೊಂಡೆ. ಮೊಣಕಾಲಿನ ಕೆಳಗಿನ ತನಕ ಬರುವ ಬೂಟು ಇದ್ದರೆ ಉಂಬಳದ (ಜಿಗಣೆಯ) ಕಾಟ ಬಹಳ ಕಡಿಮೆ. ಹಾವಿಗೂ ಒಂದು ಅಡ್ಡ. ರಾತ್ರಿ ತಲೆಕೆಳಗಾಗಿ ಇಡಬೇಕು, ಬೆಳಗ್ಗೆ ಹಾಕುವ ಮುಂಚೆ ಕೊಡವಬೇಕು. ಒಳಗೆ ಚೇಳು ಇದ್ದರೆ ಉಡುಗೊರೆಗೆ ಕೆಟ್ಟ ಹೆಸರು.

ಎಲ್ಲಕ್ಕಿಂತ ಕಡಿಮೆ ದುಡ್ಡಿನ ಉಡುಗೊರೆ ಪಿಎಚ್ ಪಟ್ಟಿ. ದ್ರಾವಣ ಹುಳಿಯೋ ಅಲ್ಲವೋ ಎಂದು ಬಣ್ಣ ಬದಲಿಸಿ ತೋರಿಸುವ ಸಣ್ಣ ಕಾಗದದ ಕಟ್ಟು. ಅಡಿಕೆಗೆ ಕೊಳೆ ರೋಗ ಬಾರದಂತೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಅದಕ್ಕೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1908ರಲ್ಲಿ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಮಲೆನಾಡಿನ ಕೊಳೆ ರೋಗವನ್ನು ಅಭ್ಯಾಸ ಮಾಡಿ ಈ ಔಷಧಿಯ ದಾರಿ ತೋರಿಸಿದವರು. ನೂರು ವರ್ಷ ದಾಟಿದರೂ ನಾವು ಅದನ್ನೇ ಹೊಡೆಯುತ್ತಿದ್ದೇವೆ. ಒಂದು ಕೆ.ಜಿ. ಮೈಲುತುತ್ತು 50 ಲೀಟರ್ ನೀರಿಗೆ, ಒಂದು ಕೆ.ಜಿ. ಸುಣ್ಣ ಇನ್ನೊಂದು 50 ಲೀಟರಿಗೆ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕದಡಬೇಕು. ಸುಣ್ಣ ಸರಿಯಿಲ್ಲದಿದ್ದರೆ ಮಿಶ್ರಣ ಹುಳಿಯಾಗಿ ಎಳೆ ಕಾಯಿ ಸುಡುತ್ತದೆ. ಸರಿಯಾಗಿದೆಯೋ ಎಂದು ನೋಡಲು ಇವರು ಕಬ್ಬಿಣದ ಚೂರಿ ಅದ್ದುತ್ತಾರೆ. ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ. ಆ ಚೂರಿ ಯಾವುದು ಗೊತ್ತೇ? ನನ್ನ ಅಡುಗೆ ಮನೆಯದು. ಪಿಎಚ್ ಪಟ್ಟಿ ತಂದುಕೊಟ್ಟ ಮೇಲೆ ಚೂರಿ ಉಳಿಯಿತು. ಬಣ್ಣ ನೋಡಿ 7ರ ಆಸುಪಾಸು ಅಥವಾ ತುಸು ಮೇಲೆ ಇದ್ದರೆ ಸರಿ. ಮೊದಲು ‘ಅಜ್ಜನ ಕಾಲದಿಂದ ಚೂರಿಯಲ್ಲೇ ನೋಡಿದ್ದು’ ಎಂದು ಗೊಣಗಿದರು. ಈಗ ಪಕ್ಕದ ತೋಟದವರ ಬ್ಯಾರೆಲ್ಲಿಗೂ ಇವರೇ ಹೋಗಿ ಅದ್ದಿ ನೋಡುತ್ತಾರೆ. ಮಿಶ್ರಣ ಸರಿಯಿಲ್ಲ ಎಂದು ಹೇಳುವಾಗ ಇವರ ಮುಖ ನೋಡಬೇಕು ನೀವು.

ಮಳೆ ಮಾಪಕದ ಕಥೆಯೂ ಹೀಗೇ. ನಮ್ಮ ಕಡೆ ಹಳಬರು ಮಳೆಯನ್ನು ಇಂಚಿನಲ್ಲಿ ಹೇಳುತ್ತಾರೆ, ಅದೂ ಅಂದಾಜಿನಲ್ಲಿ. ಸಂಜೆ ಕಟ್ಟೆಯಲ್ಲಿ ‘ನಿನ್ನೆ ನಾಲ್ಕಿಂಚು’, ‘ಇಲ್ಲ, ಐದಕ್ಕೆ ಕಡಿಮೆ ಇಲ್ಲ’ ಎಂದು ದೊಡ್ಡ ಚರ್ಚೆ. ಪಂಚಾಯಿತಿ ಮಟ್ಟದ ಮಳೆ ಲೆಕ್ಕ ಈಗ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ಕಡೆಯಿಂದ ಸಿಗುತ್ತದೆ. ಆದರೆ ಗುಡ್ಡದ ಆ ಕಡೆ ಬಿದ್ದ ಮಳೆ ಈ ಕಡೆ ಬೀಳುವುದಿಲ್ಲ. ಪ್ಲಾಸ್ಟಿಕ್ಕಿನ ಒಂದು ಮಾಪಕ ತಂದೆ. ಮರ, ಮಾಡು ಯಾವುದರ ಹನಿಯೂ ಬೀಳದ ಬಯಲಲ್ಲಿ, ಒಣ ಅಡಿಕೆ ಹರಡುವ ಅಂಗಳದ ಮೂಲೆಯಲ್ಲಿ ಕಂಬ ನೆಟ್ಟು ಇವರೇ ಕೂರಿಸಿದರು. ಹವಾಮಾನ ಇಲಾಖೆಯವರು ನೋಡುವ ಹೊತ್ತು ಬೆಳಗ್ಗೆ 8.30. ಇವರದೂ ಅದೇ ಹೊತ್ತು, ಕಾಫಿ ಲೋಟ ಹಿಡಿದುಕೊಂಡೇ. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು ಎಂಬ ಲೆಕ್ಕ ಮೊಮ್ಮಗನಿಗೂ ಬಾಯಿಪಾಠ. ಡೈರಿ ಎಂದರೆ ಅಲರ್ಜಿ ಇದ್ದ ಮನುಷ್ಯ, ಈಗ ದಿನಾ ಬರೆಯುತ್ತಾರೆ. ಮಳೆ ಇಷ್ಟು, ಔಷಧಿ ಹೊಡೆದದ್ದು ಇಂಥ ದಿನ, ಎರಡನೆಯದಕ್ಕೆ 40-45 ದಿನ ಬಿಟ್ಟು ಇಂಥ ದಿನ. ಒಂದು ಕಡೆ ‘ಇವಳಿಗೆ ಜ್ವರ’ ಎಂದೂ ಇದೆ. ಪಕ್ಕದಲ್ಲೇ 112 ಮಿ.ಮೀ.

ನಾನು ಹೀಗೆಲ್ಲ ಮಾಡುವುದನ್ನು ನೋಡಿ ನನ್ನ ತಂಗಿ, ‘ಅಕ್ಕ, ಇದು ಉಡುಗೊರೆಯಲ್ಲ, ತೋಟದ ಖರ್ಚು’ ಎನ್ನುತ್ತಾಳೆ. ಅವಳ ಮಾತಿನಲ್ಲೂ ಸತ್ಯವಿದೆ. ನಾನು ಒಂದು ಗೆರೆ ಹಾಕಿಕೊಂಡಿದ್ದೇನೆ. ಹೇಗೂ ತರಲೇಬೇಕಾದದ್ದು ಉಡುಗೊರೆಯಲ್ಲ. ಮೋಟರ್ ಸುಟ್ಟರೆ ರಿವೈಂಡಿಂಗ್ ಮಾಡಿಸಿ ಹುಟ್ಟುಹಬ್ಬದ ಶುಭಾಶಯ ಎಂದರೆ ಅದು ಮೋಸ. ಇವರು ಮುಂದಕ್ಕೆ ಹಾಕುತ್ತಲೇ ಹೋಗುವುದು, ತಂದರೂ ತಮಗೆ ಅಂತ ಕಡಿಮೆ ಬೆಲೆಯದ್ದೇ ತರುವುದು, ಅಂಥದ್ದನ್ನು ಚೆನ್ನಾಗಿರುವುದು ನೋಡಿ ತಂದರೆ ಉಡುಗೊರೆ. ಸಾಲ ಮಾಡಿಸುವಂಥದ್ದೂ ಅಲ್ಲ. ನೆಲದಲ್ಲಿ ನಿಂತೇ ಔಷಧಿ ಹೊಡೆಯುವ, ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ (ಉದ್ದ ಕೋಲು) ಬಂದಿದೆ. ಮರ ಹತ್ತುವವರು ಸಿಗದ ಈ ಕಾಲಕ್ಕೆ ಅದು ದೇವರು ಕೊಟ್ಟ ಹಾಗೆಯೇ. ಆದರೆ ತೋಟಗಾರಿಕೆ ಇಲಾಖೆಯ ಸಬ್ಸಿಡಿ ಸಿಕ್ಕಿದರೂ ಅದರ ಬೆಲೆ ಮನೆಯಲ್ಲಿ ಇಬ್ಬರೂ ಕೂತು ಮಾತಾಡಬೇಕಾದದ್ದು, ಗುಟ್ಟಾಗಿ ತರುವಂಥದ್ದಲ್ಲ. ಬಿ.ಪಿ. ನೋಡುವ ಯಂತ್ರವನ್ನೂ ನಾನು ಉಡುಗೊರೆ ಅಂತ ಕೊಡುವುದಿಲ್ಲ. ಅದು ಮನೆಯಲ್ಲಿ ಇರಲಿ, ಆದರೆ ಗಂಡನ ಕೈಗಿಟ್ಟರೆ ನಿನಗೆ ವಯಸ್ಸಾಯಿತು ಎಂದು ಹೇಳಿದಂತೆ.

ಇವರು ನನಗೆ ಏನು ಕೊಡುತ್ತಾರೆ ಎಂದು ನೀವು ಕೇಳಬಹುದು. ಒಮ್ಮೆ ಮದುವೆಯ ದಿನಕ್ಕೆ ಕುಕ್ಕರಿನ ಗ್ಯಾಸ್ಕೆಟ್ಟು ತಂದರು. ಅಂಗಿಯ ಜೇಬಿನಿಂದ ತೆಗೆದು ಕಟ್ಟೆಯ ಮೇಲೆ ಇಟ್ಟು, ‘ಸೀಟಿ ಸರಿಯಾಗಿ ಬರ್ತಿಲ್ಲ ಅಂತಿದ್ಯಲ್ಲ’ ಎಂದರು. ತಂಗಿ ಈಗಲೂ ಇದನ್ನು ಹೇಳಿ ನಗುತ್ತಾಳೆ. ನಾನೂ ನಗುತ್ತೇನೆ. ಆದರೆ ಸೀಟಿಯ ಬಗ್ಗೆ ನಾನು ಗೊಣಗಿದ್ದು ಯಾರ ಹತ್ತಿರವೂ ಅಲ್ಲ, ಸುಮ್ಮನೆ ಒಲೆಯ ಮುಂದೆ.

ಇದನ್ನೆಲ್ಲ ಬರೆದದ್ದು ಫೋಟೊ ಮಗ್ಗಿನ ಮೇಲಿನ ಕೋಪಕ್ಕಲ್ಲ. ಅದನ್ನು ಇಷ್ಟಪಡುವ ಗಂಡಂದಿರೂ ಇದ್ದಾರೆ, ಅವರಿಗೆ ಅದೇ ಕೊಡಲಿ. ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಮುಂದಿನ ಸಲ ಇಂಥ ಪುಟ ಮಾಡುವಾಗ ಟೈ ಕಟ್ಟುವ ಗಂಡನ ಪಕ್ಕದಲ್ಲಿ ಲುಂಗಿ ಎತ್ತಿ ಕಟ್ಟಿ ತೋಟಕ್ಕೆ ಇಳಿಯುವವನಿಗೂ ನಾಲ್ಕು ಸಾಲು ಕೊಡಿ. ಟಾರ್ಚಿನ ಡಬ್ಬ ಓದುವುದು ಹೇಗೆ, ಸ್ಪ್ರೇಯರಿನ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂಬುದನ್ನು ಕೃಷಿ ಪುಟದಲ್ಲಷ್ಟೇ ಅಲ್ಲ, ಮಹಿಳೆಯರ ಪುಟದಲ್ಲೂ ಹಾಕಿ. ಕೊಳ್ಳುವವರು ನಾವೂ ಇದ್ದೇವೆ.

ಜೊತೆಗೆ ಓದುಗರಲ್ಲಿ ಒಂದು ವಿನಂತಿ. ಈ ಸಲ ನನ್ನ ಕಣ್ಣು ರೈನ್‌ಕೋಟಿನ ಮೇಲಿದೆ. ಹಿಂದೆ ಕಂಬಳಿ ಕೊಪ್ಪೆ ಹೊದೆಯುತ್ತಿದ್ದರು, ಗದ್ದೆಯಲ್ಲಿ ಹೆಂಗಸರು ತಲೆ, ಬೆನ್ನು ಮುಚ್ಚುವ ಎಲೆಯ ಗೊರಬು ಹಾಕುತ್ತಿದ್ದರು. ಬಗ್ಗಿ ಕೆಲಸ ಮಾಡಿದರೂ ಒಳಗೆ ಗಾಳಿ ಆಡುತ್ತಿತ್ತು. ಈಗಿನ ಪ್ಲಾಸ್ಟಿಕ್ಕಿನದು ಹಾಕಿಕೊಂಡರೆ ಮಳೆಯಲ್ಲಿ ನೆನೆಯುವುದಿಲ್ಲ, ಬೆವರಿನಲ್ಲಿ ನೆನೆಯುತ್ತಾರೆ. ಕಂಕುಳ ಕೆಳಗೆ ಗಾಳಿಗೆ ಕಿಂಡಿ ಇರುವ, ಮುಳ್ಳಿಗೆ ಹರಿಯದ, ಕತ್ತಿ ಕೊಕ್ಕೆ ಕಟ್ಟಿಕೊಂಡರೂ ಸೊಂಟದಲ್ಲಿ ಮಡಚದ ರೈನ್‌ಕೋಟು ಯಾರಾದರೂ ಬಳಸಿದ್ದರೆ ಇದೇ ಅಂಕಣಕ್ಕೆ ಬರೆಯಿರಿ. ಒಂದು ಮಳೆಗಾಲವಾದರೂ ಬಳಸಿರಬೇಕು, ಕೊಂಡ ವಾರದ ಹೊಗಳಿಕೆ ಬೇಡ. ಎತ್ತರ ಐದೂವರೆ ಅಡಿ, ಎದೆ 40 ಇಂಚು. ಬಣ್ಣ ಯಾವುದಾದರೂ ಆದೀತು. ಮೇ ಹದಿನೈದರ ಒಳಗೆ ತಿಳಿದರೆ ಉಪಕಾರ.

ಇಂತಿ,
ಅಡಿಕೆ ಬೆಳೆಗಾರ ಮಹಿಳೆ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ